ಟ್ರಿನಿಡಾಡ್–ಟೊಬೇಗೊ: ಸಸ್ಯಾಹಾರಿ ಹಿರಿಯರೊಂದಿಗೆ ಹೋಗಿಬಂದವರು ಅನುಭವ ತಿಳಿಸಿ

ಎಡಿಸನ್ ವಾಸಿ
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯ ಶಾಲಾ ರಜೆಯಲ್ಲಿ, ಮೈಸೂರಿನಿಂದ ಬಂದಿರುವ ತಂದೆತಾಯಿ, ಹೆಂಡತಿ ಮತ್ತು ಮಕ್ಕಳೊಂದಿಗೆ ನ್ಯೂಜೆರ್ಸಿಯಿಂದ ವೆಸ್ಟ್ ಇಂಡೀಸಿನ ಅವಳಿ ದ್ವೀಪಗಳ ದೇಶವಾದ ಟ್ರಿನಿಡಾಡ್ ಮತ್ತು ಟೊಬೇಗೊಗೆ ಹೋಗುವ ಆಲೋಚನೆಯಿದೆ. ತಂದೆಗೆ ಅರವತ್ತೆಂಟು ವರ್ಷ, ಕ್ರಿಕೆಟ್ ಎಂದರೆ ಪ್ರಾಣ. ತಾಯಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಪ್ರವಾಸ ಮುಗಿದ ಕೆಲವೇ ದಿನಗಳಲ್ಲಿ ಅವರಿಬ್ಬರೂ ಬೆಂಗಳೂರಿಗೆ ಹೊರಡುತ್ತಾರೆ. ಏನು ನೋಡಬೇಕು, ಎಲ್ಲಿ ಉಣ್ಣಬೇಕು, ಯಾವ ದ್ವೀಪಕ್ಕೆ ಹೆಚ್ಚು ದಿನ ಕೊಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಟೊರೊಂಟೊ ತುಂಗೆ
ಟ್ರಿನಿಡಾಡಿಗೆ ಹೋಗಿ ಹೋಟೆಲಿನ ಊಟದ ಕೋಣೆಯಲ್ಲಿ ಕೂರುವವರಿಗೆ ಆ ದ್ವೀಪ ದಕ್ಕುವುದಿಲ್ಲ. ನಾವು ಬೆಳಗ್ಗೆ ಏಳಕ್ಕೆಲ್ಲ ಕ್ಯುರೇಪಿನ ರಸ್ತೆಬದಿಯಲ್ಲಿ ಡಬಲ್ಸ್ ಗಾಡಿಯ ಮುಂದೆ ನಿಂತಿರುತ್ತಿದ್ದೆವು, ಏಕೆಂದರೆ ಹತ್ತು ಗಂಟೆಯ ಹೊತ್ತಿಗೆ ಒಳ್ಳೆಯ ಗಾಡಿಗಳ ಪಾತ್ರೆ ಬರಿದಾಗಿರುತ್ತದೆ. ಮಾರುವಾತ ಅರಿಸಿನ ಬೆರೆಸಿ ಕರಿದ ಬಾರಾ ಎಂಬ ಎರಡು ಮೆತ್ತನೆಯ ಪೂರಿಗಳನ್ನು ಕಾಗದದ ಮೇಲೆ ಅರ್ಧ ಒಂದರ ಮೇಲೊಂದು ಬರುವಂತೆ ಎಸೆದು, ಬೆಂದ ಕಾಬೂಲಿ ಕಡಲೆಯ ಗೊಜ್ಜು ಸುರಿದು, ಹುಣಿಸೆ ಚಟ್ನಿ, ಸೌತೆಕಾಯಿ, ಶಾಡೊ ಬೆನಿ ಸೊಪ್ಪಿನ ಹಸಿರು ಚಟ್ನಿ ಹಾಕಿ, ಕಾಗದದ ತುದಿ ತಿರುಚಿ ಕೈಗಿಡುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಖಾರ ಎಷ್ಟು ಎಂದು ಕೇಳಿದಾಗ 'ಸ್ಲೈಟ್' ಎಂದೇ ಹೇಳಬೇಕು. ನಮ್ಮ ಯಜಮಾನರು ಗುಂಟೂರು ಮೆಣಸಿನಕಾಯಿ ಕಂಡವನು ನಾನು ಎಂದು ಬೀಗಿ ಹೆಚ್ಚು ಹಾಕಿಸಿಕೊಂಡು ಮಧ್ಯಾಹ್ನದವರೆಗೆ ಮಾತನಾಡಲಿಲ್ಲ.

ಒಂದು ಡಬಲ್ಸಿಗೆ ಅಲ್ಲಿಯ ಆರೇಳು ಡಾಲರ್; ಅಮೆರಿಕದ ಒಂದು ಡಾಲರಿಗೆ ಸುಮಾರು 6.7 ಸಿಗುವುದರಿಂದ ಮನೆಮಂದಿಯೆಲ್ಲ ಹೊಟ್ಟೆ ತುಂಬ ತಿಂದರೂ ಹತ್ತು ಅಮೆರಿಕನ್ ಡಾಲರ್ ದಾಟುತ್ತಿರಲಿಲ್ಲ. ದಕ್ಷಿಣದ ಡೆಬೆಗೆ ಹೋದರೆ ಸಾಲುಸಾಲು ಅಂಗಡಿಗಳಲ್ಲಿ ಫುಲೌರಿ, ಕಚೌರಿ, ಆಲೂ ಪೈ ಸಿಗುತ್ತವೆ. ಕೆಸುವಿನೆಲೆಗೆ ಬಟಾಣಿ ಬೇಳೆಯ ಹಿಟ್ಟು ಸವರಿ ಕರಿದ ಸಹೀನಾ ತಿಂದ ನಮ್ಮತ್ತೆ, ಇದು ನಮ್ಮ ಪತ್ರೊಡೆಯ ತಂಗಿ ಎಂದು ತೀರ್ಪು ಕೊಟ್ಟರು. ರೊಟ್ಟಿ ಅಂಗಡಿಗಳಲ್ಲಿ ದಾಲ್‌ಪುರಿಯೊಳಗೆ ಕಡಲೆ–ಆಲೂಗಡ್ಡೆ, ಕುಂಬಳಕಾಯಿ ಅಥವಾ ಸೊಪ್ಪಿನ ಭಾಜಿ ಕಟ್ಟಿಸಿಕೊಳ್ಳಿ. ಕ್ಯಾಲಲೂ ಎಂಬ ಸೊಪ್ಪಿನ ಸಾರನ್ನು ಮಾತ್ರ ಕೇಳದೆ ಮುಟ್ಟಬೇಡಿ. ಅದರಲ್ಲಿ ಏಡಿಯೋ ಉಪ್ಪು ಹಾಕಿದ ಹಂದಿಬಾಲವೋ ಇರುವುದು ವಾಡಿಕೆ.

ಹೂಸ್ಟನ್ ಹೊಯ್ಸಳ
ತಿಂಡಿಯ ವರ್ಣನೆ ಆಮೇಲಾಗಲಿ. ನಮ್ಮ ತಂದೆಯವರಿಗೆ ಆದದ್ದನ್ನು ಕೇಳಿ. ಟ್ರಿನಿಡಾಡ್ ದ್ವೀಪವು ಹಳದಿ ಜ್ವರದ ವಿಷಯದಲ್ಲಿ ಭಾರತ ಸರ್ಕಾರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನ ತುಂಬುವ ಮೊದಲು ಲಸಿಕೆಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದವರನ್ನು ಪ್ರತ್ಯೇಕವಾಗಿ ಇರಿಸಬಹುದು. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟರು ಈ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪನನ್ನು ಬಂದಿಳಿದ ನಿಲ್ದಾಣದಿಂದಲೇ ಕರೆದೊಯ್ದು ಕೊಠಡಿಯೊಂದರಲ್ಲಿ ಇರಿಸಿದರು. ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದ ಪೆಟ್ಟಿಗೆ ಅಣ್ಣನ ಕೈಗೆ ಸಿಕ್ಕಿತೇ ಹೊರತು ಅಪ್ಪನ ಕೈಗೆ ಸೇರಲು ಮರುದಿನ ಸಂಜೆಯಾಯಿತು.

ಇಷ್ಟಾದ ಮೇಲೆ ಅಮ್ಮನ ಟಿಕೆಟನ್ನಾದರೂ ಮುಂದಕ್ಕೆ ಹಾಕೋಣವೆಂದರೆ ದಂಡ 410 ಡಾಲರ್, ದರದ ವ್ಯತ್ಯಾಸ 265 ಡಾಲರ್. ಹೆಂಡತಿ, ಮಕ್ಕಳಿಗೆ ಆ ಬೇಸಿಗೆಯಲ್ಲಿ ಊರಿಗೆ ಹೋಗುವುದಿತ್ತೆಂದು ಹಾಕಿಸಿದ ಲಸಿಕೆಗೆ ತಲಾ 290, ವೈದ್ಯರ ಸಲಹೆಗೆ ಬೇರೆ 75. ವಿಮೆಯವರು ಒಂದು ಕಾಸೂ ಕೊಡಲಿಲ್ಲ. ರಶೀದಿಗಳನ್ನೆಲ್ಲ ಇಂದಿಗೂ ಇಟ್ಟುಕೊಂಡಿದ್ದೇನೆ.

ಅಟ್ಲಾಂಟಾದ ಅಮ್ಮ
ಹೊಯ್ಸಳ ಅವರೇ, ಲಸಿಕೆ ಹಾಕಿಸಿದ್ದರೆ ಮುಗಿಯುತ್ತಿತ್ತಲ್ಲ? ಹಾಕಿಸಿಕೊಂಡ ಹತ್ತನೆಯ ದಿನದಿಂದ ಪ್ರಮಾಣಪತ್ರ ಜೀವನಪರ್ಯಂತ ಮಾನ್ಯ. ಇಷ್ಟಕ್ಕೂ ಈ ರಗಳೆಯೇ ಬೇಡವೆಂದು ನಾವು ಡೊಮಿನಿಕನ್ ಗಣರಾಜ್ಯದ ಪುಂಟ ಕಾನದಲ್ಲಿ, ಊಟ, ವಸತಿ, ಪಾನೀಯವೆಲ್ಲ ಒಂದೇ ದರದಲ್ಲಿ ಸೇರಿರುವ ರೆಸಾರ್ಟಿಗೆ ಹೋದೆವು. ಮಕ್ಕಳು ಈಜುಕೊಳದಿಂದ ಮೇಲೇಳಲಿಲ್ಲ. ಅತ್ತೆ ಮಾವ ಸಮುದ್ರ ನೋಡುತ್ತ ನೆರಳಿನಲ್ಲಿ ಹಾಯಾಗಿದ್ದರು. ಅವರು ಉಂಡದ್ದು ಅನ್ನ, ಮೊಸರು ಮತ್ತು ಪರಂಗಿಹಣ್ಣು ಎಂಬುದು ನಿಜ. ನಾನು ಉಪ್ಪಿನಕಾಯಿ ಒಯ್ದಿದ್ದೆ. ಆರು ಜನರಿಗೆ ಐದು ಸಾವಿರದ ಇನ್ನೂರು ಡಾಲರ್ ಆಯಿತು, ಆದರೆ ಎಲ್ಲಿ ಉಣ್ಣಬೇಕೆಂದು ದಿನವೂ ಊರೆಲ್ಲ ಅಲೆಯುವುದು ತಪ್ಪಿತು.

ಟೊರೊಂಟೊ ತುಂಗೆ
ಐದು ಸಾವಿರದ ಇನ್ನೂರು ಡಾಲರ್ ಕೊಟ್ಟು ಮೊಸರನ್ನ ತಿಂದುಬಂದವರು, ಡಬಲ್ಸಿಗಾಗಿ ರಸ್ತೆಯಲ್ಲಿ ನಿಂತವರನ್ನು ಅಲೆಮಾರಿಗಳೆನ್ನುವುದು ಸೋಜಿಗವಾಗಿದೆ. ಟ್ರಿನಿಡಾಡಿಗೆ 1845ರ ಮೇ 30ರಂದು ಫತೇಲ್ ರಝಾಕ್ ಹಡಗಿನಲ್ಲಿ ಭಾರತದಿಂದ ಬಂದಿಳಿದ ಕೂಲಿಗಳ ವಂಶದವರು ಇಂದಿಗೂ ಅಂಗಳದಲ್ಲಿ ಝಂಡಾ, ಅಂದರೆ ಪೂಜೆಯ ಬಾವುಟ, ನೆಟ್ಟು ಪೂಜೆ ಮಾಡುತ್ತಾರೆ. ಅದನ್ನು ರೆಸಾರ್ಟಿನ ಬೇಲಿಯೊಳಗೆ ಕೂತು ಕಾಣಲಾಗುವುದಿಲ್ಲ.

ವಾಟರ್ಲೂವಿನಲ್ಲಿ ಸಮುದ್ರದೊಳಗೆ ಗುಡಿಯಿದೆ. ಸಿವದಾಸ್ ಸಾಧು ಎಂಬ ಕಬ್ಬಿನ ಗದ್ದೆಯ ಕೂಲಿಕಾರರು ಮೊದಲು ದಡದಲ್ಲಿ ಕಟ್ಟಿದ ಗುಡಿಯನ್ನು, ಅದು ಸಕ್ಕರೆ ಕಂಪನಿಯ ನೆಲವೆಂಬ ಕಾರಣಕ್ಕೆ ಕೆಡವಿಸಿ, ಅವರನ್ನು ಸೆರೆಮನೆಗೂ ಕಳುಹಿಸಿದರು. ಯಾರ ಹಕ್ಕೂ ಇಲ್ಲದ ಕಡಲಿನಲ್ಲೇ ಕಟ್ಟುತ್ತೇನೆಂದು ಅವರು ಬೈಸಿಕಲ್ಲಿನ ಮೇಲೆ ಕಲ್ಲು, ಸಿಮೆಂಟು ಹೊತ್ತು ವರ್ಷಗಟ್ಟಲೆ ಕಡಲಿಗೆ ಸುರಿದು, ನೆಲ ಎಬ್ಬಿಸಿ ಕಟ್ಟಿದ ಗುಡಿಯದು. 1990ರ ದಶಕದಲ್ಲಿ ಅದನ್ನು ಹೊಸದಾಗಿ ಕಟ್ಟಿದ್ದಾರೆ. ಪಕ್ಕದಲ್ಲೇ ಬಯಲು ಚಿತಾಗಾರವಿರುವುದನ್ನು ಹಿರಿಯರಿಗೆ ಮೊದಲೇ ಹೇಳಿಬಿಡಿ. ನಮ್ಮತ್ತೆ ಹೊಗೆ ಕಂಡವರೇ ಕಾರಿನಿಂದ ಇಳಿಯಲೊಲ್ಲೆ ಎಂದು ಹಠ ಹಿಡಿದರು. ಅಲ್ಲಿಗೆ ಸಮೀಪದ ಕ್ಯಾರಪಿಚೈಮಾದಲ್ಲಿ, ಮೈಸೂರಿನ ಅವಧೂತ ದತ್ತಪೀಠಕ್ಕೆ ಸೇರಿದ ದೇವಸ್ಥಾನದಲ್ಲಿ 85 ಅಡಿ ಎತ್ತರದ ಹನುಮಂತನಿದ್ದಾನೆ.

ನಿವೃತ್ತ ಮೇಷ್ಟ್ರು, ಫೀನಿಕ್ಸ್
ಫೆಬ್ರವರಿ ಎಂದು ಓದಿ ಎದೆ ಧಸಕ್ಕೆಂದಿತು. ನಾವು ಮಗನ ಕುಟುಂಬದೊಂದಿಗೆ ಹೋದ 2023ರಲ್ಲಿ ಅಮೆರಿಕದ ಅಧ್ಯಕ್ಷರ ದಿನದ ರಜೆಯೂ ಟ್ರಿನಿಡಾಡಿನ ದೊಡ್ಡ ಬೀದಿ ಹಬ್ಬವಾದ ಕಾರ್ನಿವಲ್ಲಿನ ಸೋಮವಾರವೂ ಒಂದೇ ದಿನ, ಫೆಬ್ರವರಿ 20ರಂದು ಬಿದ್ದಿದ್ದವು. ರಾಜಧಾನಿ ಪೋರ್ಟ್ ಆಫ್ ಸ್ಪೇನಿನಲ್ಲಿ ಬೇರೆ ದಿನಗಳಲ್ಲಿ 110 ಡಾಲರಿಗೆ ಸಿಗುವ ಕೋಣೆಗೆ 340 ಕೇಳಿದರು, ಅದೂ ಐದು ರಾತ್ರಿಗೆ ಕಡಿಮೆ ಕೊಡುವುದಿಲ್ಲವೆಂಬ ಷರತ್ತಿನೊಂದಿಗೆ. ಸೋಮವಾರ ನಸುಕಿನಲ್ಲಿ ಕಾರ್ನಿವಲ್ ಆರಂಭಿಸುವ ಜೂವೇ ಮೆರವಣಿಗೆಯಲ್ಲಿ ಕೆಸರು, ಬಣ್ಣ ಮೆತ್ತಿಕೊಂಡ ಜನ ಬೀದಿ ತುಂಬಿದ್ದರು. ಧ್ವನಿವರ್ಧಕದ ಲಾರಿಗಳ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು. ನನ್ನ ಹೆಂಡತಿಗೆ ರಕ್ತದೊತ್ತಡ.

ಆದರೂ ಕ್ವೀನ್ಸ್ ಪಾರ್ಕ್ ಓವಲ್ ನೋಡಿದ್ದರಿಂದ ಜನ್ಮ ಸಾರ್ಥಕವಾಯಿತು. 1976ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟಿನಲ್ಲಿ 403 ರನ್ನುಗಳ ಗುರಿಯನ್ನು ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು ಮುಟ್ಟಿದ ಮೈದಾನವದು. ಆಗ ನಾವು ಹುಡುಗರು ರೇಡಿಯೊಗೆ ಕಿವಿಯಂಟಿಸಿ ಸ್ಕೋರು ಕೇಳಿದ್ದೆವು. ಮೈದಾನದ ಕಾವಲುಗಾರರು ಮೊದಲು ಬಿಡಲಿಲ್ಲ. ವಿಶ್ವನಾಥ್ ಅವರ ಊರಿನವನು ನಾನು ಎಂದ ಮೇಲೆ ಸ್ವಲ್ಪ ಹೊತ್ತು ಒಳಗೆ ಬಿಟ್ಟರು.

ಬಾಸ್ಟನ್ ಬೌಲರ್
ಮೇಷ್ಟ್ರೇ, ವಿಶ್ವನಾಥ್ ಅಲ್ಲಿ ಶತಕ ಹೊಡೆದದ್ದು 1971ರ ಸರಣಿಯಲ್ಲಿ. 1976ರದ್ದು ಗವಾಸ್ಕರ್ ಅವರ ಪಂದ್ಯ.

ನಿವೃತ್ತ ಮೇಷ್ಟ್ರು, ಫೀನಿಕ್ಸ್
ತಪ್ಪು. 1976ರ ಆ ಇನಿಂಗ್ಸಿನಲ್ಲಿ ಗವಾಸ್ಕರ್ 102, ವಿಶ್ವನಾಥ್ 112. ಕೊನೆಗೆ ನಿಂತು 49 ರನ್ ಹೊಡೆದು ಮುಗಿಸಿದ ಬ್ರಿಜೇಶ್ ಪಟೇಲ್ ಕೂಡ ನಮ್ಮವರೇ. ಅದೇ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತಿದ್ದನ್ನೂ ನೆನಪಿಡಿ. ಮಾತನಾಡುವ ಮೊದಲು ಸ್ಕೋರುಪಟ್ಟಿ ನೋಡುವ ಅಭ್ಯಾಸ ಒಳ್ಳೆಯದು.

ಮಲೆನಾಡ ಮಳೆ
ಇಲ್ಲಿ ಯಾರೂ ಟೊಬೇಗೊ ಬಗ್ಗೆ ಬರೆಯುತ್ತಲೇ ಇಲ್ಲ. ನಾವು 2024ರ ಫೆಬ್ರವರಿಯಲ್ಲಿ ಹೋದಾಗ ಕಡಲಿನಲ್ಲಿ ಮಗುಚಿದ ಹಡಗೊಂದರ ಎಣ್ಣೆ ಸ್ಕಾರ್ಬರೊ, ಲ್ಯಾಂಬೊ ಕಡೆಯ ದಡಕ್ಕೆ ಬಂದು ಬಡಿದಿತ್ತು. ಸಮುದ್ರಕ್ಕೆ ಮುಖಮಾಡಿದ ಕೋಣೆಗೆ ದಿನಕ್ಕೆ 40 ಡಾಲರ್ ಹೆಚ್ಚು ಕೊಟ್ಟು, ಡಾಂಬರಿನ ವಾಸನೆಗೆ ಕಿಟಕಿ ಮುಚ್ಚಿ ಮಲಗಿದೆವು. ಮನೆಯ ಮಾಲೀಕರು ಹಣ ಹಿಂದಿರುಗಿಸುವ ಮಾತೆತ್ತಿದರೆ ಸಾಕು, ಫೋನ್ ಇಟ್ಟುಬಿಡುತ್ತಿದ್ದರು.

ಆದರೆ ಇನ್ನೊಂದು ಮಗ್ಗುಲಿನ ಪಿಜನ್ ಪಾಯಿಂಟಿನಲ್ಲಿ ನೀರು ತಿಳಿಯಾಗಿತ್ತು. ತಳದಲ್ಲಿ ಗಾಜಿರುವ ದೋಣಿಯಲ್ಲಿ ಬಕೂ ಹವಳದ ದಿಬ್ಬ ತೋರಿಸಿ, ನೈಲಾನ್ ಪೂಲ್ ಎಂಬಲ್ಲಿ ನಡುಗಡಲಿನಲ್ಲೇ ಇಳಿಸುತ್ತಾರೆ. ಸೊಂಟದಷ್ಟೇ ನೀರು, ಕೆಳಗೆ ಬಿಳಿ ಮರಳು. ಈಜು ಬಾರದ ನಮ್ಮಮ್ಮ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟರು. 1776ರಿಂದಲೂ ಕಾನೂನಿನ ರಕ್ಷಣೆಯಲ್ಲಿರುವ ಮೇನ್ ರಿಜ್ ಕಾಡಿನಲ್ಲಿ ಗಿಲ್ಪಿನ್ ದಾರಿ ಹಿಡಿದು ನಡೆಯಿರಿ. ಮೊಣಕಾಲು ನೋವಿನವರಿಗೆ ಕೆಸರು ಕಷ್ಟ. ಊಟದ ವಿಷಯದಲ್ಲಿ ತುಂಗೆಯವರು ಹೇಳಿದ ಸುಖ ಟೊಬೇಗೊದಲ್ಲಿಲ್ಲ. ಸ್ಟೋರ್ ಬೇ ಅಂಗಡಿಗಳ ಹೆಗ್ಗಳಿಕೆ ಏಡಿ–ಡಂಪ್ಲಿಂಗ್. ನಮಗೆ ದಕ್ಕಿದ್ದು ಮ್ಯಾಕರೋನಿ ಪೈ ಮತ್ತು ರಾಸ್ತಾ ಮತದವರ ಇಟಲ್ ಊಟ. ಅದರಲ್ಲಿ ಮಾಂಸವಂತೂ ಇಲ್ಲವೇ ಇಲ್ಲ, ಎಷ್ಟೋ ಬಾರಿ ಉಪ್ಪೂ ಇರುವುದಿಲ್ಲ.

ದ್ವೀಪದಿಂದ ದ್ವೀಪಕ್ಕೆ ಹಡಗು ಅಗ್ಗವೆಂದು ಹತ್ತಬೇಡಿ. ಮೂರು ನಾಲ್ಕು ಗಂಟೆಯ ಆ ಪಯಣದಲ್ಲಿ ನನ್ನ ಮಗ ತನ್ನ ಅಂಗಿಯ ಮೇಲೆ, ನಂತರ ನನ್ನ ಅಂಗಿಯ ಮೇಲೆ, ಕೊನೆಗೆ ಎದುರು ಕೂತಿದ್ದವರ ಕೈಚೀಲದೊಳಗೆ ವಾಂತಿ ಮಾಡಿದ. ವಿಮಾನದಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಬಾಸ್ಟನ್ ಬೌಲರ್
ಹಡಗಿನಲ್ಲಿ ನಮಗೇನೂ ಆಗಲಿಲ್ಲ. ಹತ್ತುವ ಮೊದಲು ಮಕ್ಕಳಿಗೆ ಹೊಟ್ಟೆ ಬಿರಿಯ ಕರಿದ ತಿಂಡಿ ತಿನ್ನಿಸಿದರೆ ಕಡಲನ್ನು ಬೈದು ಪ್ರಯೋಜನವಿಲ್ಲ. ನಮಗೆ ಪೆಟ್ಟು ಬಿದ್ದದ್ದು ಲಾ ಬ್ರೇಯಾದ ಡಾಂಬರು ಸರೋವರದಲ್ಲಿ. ನಲವತ್ತು ಹೆಕ್ಟೇರಿನಷ್ಟು ನೈಸರ್ಗಿಕ ಡಾಂಬರು ನೋಡುವಂಥದ್ದೇ, ಮಾರ್ಗದರ್ಶಿಯಿಲ್ಲದೆ ಕಾಲಿಡಬಾರದು. ಮಗಳ ಹೊಸ ಶೂ ಅಲ್ಲೇ ಅಂಟಿ ಹಾಳಾಯಿತು. ಬಾಡಿಗೆ ಕಾರಿನ ನೆಲಹಾಸಿಗೆ ಡಾಂಬರು ತಗುಲಿತೆಂದು ಕಂಪನಿಯವರು 120 ಡಾಲರ್ ಮುರಿದುಕೊಂಡರು. ಅದಕ್ಕಿಂತ ಕರೋನಿ ಜೌಗಿನಲ್ಲಿ ಸಂಜೆ ದೋಣಿ ಹತ್ತಿ. ಕೆಂಪು ಕೆಂಬರಲು (ಸ್ಕಾರ್ಲೆಟ್ ಐಬಿಸ್) ಹಕ್ಕಿಗಳು ಗುಂಪುಗುಂಪಾಗಿ ಮರಕ್ಕೆ ಮರಳುವುದನ್ನು ನನ್ನ ಮಾವ ಬಾಯಿ ತೆರೆದು ನೋಡಿದರು.

ಮಲೆನಾಡ ಮಳೆ
ನನ್ನ ಮಗ ಅಂದು ತಿಂದದ್ದು ಎರಡು ಬಾಳೆಹಣ್ಣು. ಕಂಡಿಲ್ಲದ ಮಗುವಿನ ಹೊಟ್ಟೆಯ ಲೆಕ್ಕ ಹೇಳುವವರು 1971ರ ಸ್ಕೋರುಪಟ್ಟಿಯನ್ನೂ ಹೀಗೆಯೇ ಬರೆದುಕೊಂಡಿರಬೇಕು.

ಹೂಸ್ಟನ್ ಹೊಯ್ಸಳ
ಅಟ್ಲಾಂಟಾದ ಅಮ್ಮನವರಿಗೆ ಉತ್ತರಿಸುವುದು ಬಾಕಿಯಿತ್ತು. ಅರವತ್ತು ದಾಟಿದವರು ಮೊದಲ ಬಾರಿಗೆ ಆ ಲಸಿಕೆ ಹಾಕಿಸಿಕೊಂಡರೆ ಅಪರೂಪವಾಗಿಯಾದರೂ ತೀವ್ರವಾದ ಅಡ್ಡಪರಿಣಾಮ ಆಗುವ ಅಪಾಯ ಹೆಚ್ಚು ಎಂದು ವೈದ್ಯರೇ ಎಚ್ಚರಿಸುತ್ತಾರೆ. ಎಪ್ಪತ್ತೊಂದು ವರ್ಷದ ಅಪ್ಪನಿಗೆ ಸೂಜಿ ಚುಚ್ಚಿಸಿದ್ದರೆ ಮುಗಿಯುತ್ತಿತ್ತೆಂದು ಕೂತಲ್ಲೇ ಬರೆಯುವುದು ಸುಲಭ.

ಅಟ್ಲಾಂಟಾದ ಅಮ್ಮ
ಹಾಗಿದ್ದರೆ ಟ್ರಿನಿಡಾಡಿನಿಂದ ಬಂದ ಮೇಲೆ ಆರು ದಿನ ಕಳೆಯಲಿ ಎಂದು ಅವರನ್ನು ಹೂಸ್ಟನ್ನಿನಲ್ಲೇ ಇರಿಸಿಕೊಳ್ಳಬಹುದಿತ್ತು. ಅದಕ್ಕೆ 290 ಡಾಲರೂ ಬೇಡ, ವೈದ್ಯರೂ ಬೇಡ.

ಹೂಸ್ಟನ್ ಹೊಯ್ಸಳ
ಊರಿನಲ್ಲಿ ತಂಗಿಯ ಮಗಳ ಮದುವೆಯಿತ್ತು. ಮುಹೂರ್ತವನ್ನು ಮುಂದೂಡಿ ಎಂದು ಬೀಗರಿಗೆ ತಾವೇ ಫೋನ್ ಮಾಡುತ್ತಿದ್ದಿರಾ?