ಪ್ರಶ್ನೋತ್ತರ: ನಂದಿ ತಪ್ಪಲಿನ ವೈನ್ ದ್ರಾಕ್ಷಿಯಲ್ಲಿ ಸಕ್ಕರೆ ಇದೆ, ಹುಳಿ ಎಲ್ಲಿ?

ನಿರ್ವಾಹಕರು: ಚಿಕ್ಕಬಳ್ಳಾಪುರ, ಕೋಲಾರ ಮತ್ತು ದೊಡ್ಡಬಳ್ಳಾಪುರ ಭಾಗದ ಬೆಳೆಗಾರರ ಈ ಗುಂಪಿನಲ್ಲಿ ಇಂದು ಉತ್ತರಿಸುವವರು ನಂದಿ ತಪ್ಪಲಿನ ತೋಟಗಳಲ್ಲಿಯೂ ವೈನರಿಗಳಲ್ಲಿಯೂ ಇಪ್ಪತ್ತೆರಡು ವರ್ಷ ಕೆಲಸ ಮಾಡಿರುವ ಸಲಹೆಗಾರರು. ಹಣ್ಣಿಗಾಗಿ ಬಳ್ಳಿಯ ಕಡ್ಡಿ ಸವರುವ ಅಕ್ಟೋಬರ್ ಕತ್ತರಿಕೆಯ ಹೊತ್ತಾದ್ದರಿಂದ ಪ್ರಶ್ನೆಗಳು ವೈನ್ ದ್ರಾಕ್ಷಿಗೆ ಸಂಬಂಧಿಸಿರಲಿ. ಬೇರೆ ಗುಂಪುಗಳಿಂದ ಬಂದ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಚಿಂತಾಮಣಿಯ ಸದಸ್ಯರು: ನಮಸ್ಕಾರ ಸರ್. ನಮ್ಮದು ಎರಡು ಎಕರೆ ಬೆಂಗಳೂರು ಬ್ಲೂ. ಇದರಿಂದ ಒಳ್ಳೆಯ ವೈನ್ ಆಗುತ್ತದೆಯೇ? ವೈನರಿಯವರು ಕೊಳ್ಳುತ್ತಾರೆಯೇ?

ಸಲಹೆಗಾರರು: ನಮಸ್ಕಾರ. ಬೆಂಗಳೂರು ಬ್ಲೂ ಅಮೆರಿಕ ಮೂಲದ ಲಬ್ರಸ್ಕಾ ಬಳಗದ ಹಣ್ಣು. ಕ್ಯಾಬರ್ನೆ, ಶಿರಾಜ್, ಶೆನಿನ್ ಬ್ಲಾಂ ಇವೆಲ್ಲ ವಿನಿಫೆರಾ ಜಾತಿಯವು. ನಿಮ್ಮ ಹಣ್ಣಿನ ಬುಟ್ಟಿಯನ್ನು ಕೋಣೆಯಲ್ಲಿಟ್ಟರೆ ಮನೆಯೆಲ್ಲ ಹಬ್ಬುವ ಆ ಗಾಢ ವಾಸನೆ ಜ್ಯೂಸಿಗೂ ಸಿಹಿಯಾದ ಪೋರ್ಟ್ ಮಾದರಿಯ ವೈನಿಗೂ ಒಗ್ಗುತ್ತದೆ. ಸಿಹಿಯಿಲ್ಲದ ವೈನಿನಲ್ಲಿ ಅದೇ ವಾಸನೆ ಬೇರೆಲ್ಲವನ್ನೂ ಮುಚ್ಚಿಬಿಡುತ್ತದೆ. ಕೊಳ್ಳುವವರು ಇದ್ದಾರೆ, ಆದರೆ ಆ ಎರಡು ಕೆಲಸಗಳಿಗೆ ಮಾತ್ರ.

ಗುಡಿಬಂಡೆಯ ಬೆಳೆಗಾರರು: ಸರ್, ಒಂದೂವರೆ ಎಕರೆ ಶಿರಾಜ್ ಇದೆ, ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡಿದ್ದು. ಕಳೆದ ವರ್ಷ ಮಳೆಗೆ ಹೆದರಿ ನವೆಂಬರ್ 8ರಂದು ಬಳ್ಳಿ ಕತ್ತರಿಸಿದೆ. ಮಾರ್ಚ್ ಕೊನೆಯಲ್ಲಿ ಬ್ರಿಕ್ಸ್, ಅಂದರೆ ರಸದ ಸಕ್ಕರೆಯ ಅಳತೆ, 25 ಬಂತು. ಖುಷಿಯಿಂದ ಖರೀದಿದಾರರಿಗೆ ಹೇಳಿದರೆ, ಅವರು ರಸ ಪರೀಕ್ಷಿಸಿ ಪಿಎಚ್ (ಇದು ಏರಿದಷ್ಟೂ ಹುಳಿ ಕಡಿಮೆ) 4.1, ಆಮ್ಲ ಲೀಟರಿಗೆ 4.2 ಗ್ರಾಂ ಎಂದು ಬರೆದುಕೊಟ್ಟು ಹಣ್ಣನ್ನು ಬೇಡವೆಂದರು. ಬೀಜ ಇನ್ನೂ ಹಸಿರಾಗಿಯೇ ಇತ್ತು. ಸಿಹಿ ಹೆಚ್ಚಲೆಂದು ಅಂಗಡಿಯವರ ಮಾತಿನಂತೆ ಡ್ರಿಪ್‌ನಲ್ಲಿ ಪೊಟ್ಯಾಷ್ ನಾಲ್ಕು ಸಲ ಕೊಟ್ಟಿದ್ದೆ, ಕೊನೆಯ ಮೂರು ವಾರ ನೀರನ್ನು ಪೂರ್ತಿ ನಿಲ್ಲಿಸಿದ್ದೆ, ಗೊನೆಗೆ ಬಿಸಿಲು ಬೀಳಲೆಂದು ಎರಡೂ ಕಡೆಯ ಎಲೆ ಕೀಳಿಸಿದ್ದೆ. ಸಿಹಿ ಇದ್ದರೂ ಹಣ್ಣು ಏಕೆ ಬೇಡವಾಯಿತು? ಈ ವರ್ಷ ಏನು ಮಾಡಲಿ?

ಮಾಲೂರಿನ ಸದಸ್ಯರು: ಸರ್, ಬೆಂಗಳೂರು ಬ್ಲೂನಲ್ಲಿ ವೈನ್ ಮಾಡಬಹುದೇ?

ಸಲಹೆಗಾರರು: ಮಾಲೂರಿನವರೇ, ಮೇಲೆ ಉತ್ತರವಿದೆ.

ಗುಡಿಬಂಡೆಯವರೇ, ನಿಮ್ಮ ಅಂಕಿಗಳನ್ನು ಎರಡು ಸಲ ಓದಿದೆ. ಇದು ನಿಮ್ಮೊಬ್ಬರ ತೋಟದ ಕಥೆಯಲ್ಲ, ಈ ಸೀಮೆಯ ವೈನಿನ ಜಾತಕವೇ ಇದರಲ್ಲಿದೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಬಳ್ಳಿಗೆ ನಿದ್ದೆ ಹತ್ತಿಸುವಷ್ಟು ಚಳಿಗಾಲವಿಲ್ಲ, ಹಾಗಾಗಿ ಬಳ್ಳಿಯ ಪಂಚಾಂಗವನ್ನು ನಾವು ಕತ್ತರಿಯಿಂದ ಬರೆಯುತ್ತೇವೆ: ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಂದು ಕತ್ತರಿಕೆ, ಮಳೆಗಾಲ ಮುಗಿಯುವ ಹೊತ್ತಿಗೆ ಹಣ್ಣಿಗಾಗಿ ಇನ್ನೊಂದು. ಫ್ರಾನ್ಸಿನಲ್ಲಿ ದ್ರಾಕ್ಷಿ ಸೆಪ್ಟೆಂಬರಿನಲ್ಲಿ, ದಿನದಿಂದ ದಿನಕ್ಕೆ ತಂಪಾಗುವ ಹವೆಯಲ್ಲಿ ಮಾಗುತ್ತದೆ. ನಮ್ಮಲ್ಲಿ ಅದು ಫೆಬ್ರುವರಿಯಿಂದ ಮಾರ್ಚಿಗೆ, ಅಂದರೆ ಏರುವ ಬಿಸಿಲಿಗೆ ಮುಖ ಮಾಡಿ ಮಾಗುತ್ತದೆ. ಮುಖ್ಯ ವ್ಯತ್ಯಾಸ ಇದೇ. ನಮ್ಮನ್ನು ಇಲ್ಲಿ ಉಳಿಸಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ ಮತ್ತು ಅದು ಕೊಡುವ ರಾತ್ರಿಯ ತಂಪು. ಜನವರಿಯಲ್ಲಿ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುವ ಅದೇ ತೋಟದಲ್ಲಿ ಏಪ್ರಿಲ್ ಹೊತ್ತಿಗೆ ರಾತ್ರಿಯೂ 20 ದಾಟಿರುತ್ತದೆ, ಹಗಲು 34–35 ಮುಟ್ಟಿರುತ್ತದೆ.

ಹಣ್ಣಿನಲ್ಲಿರುವ ಹುಳಿ ಮುಖ್ಯವಾಗಿ ಎರಡು ಬಗೆಯದು, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೆ ಉರುವಲಿನಂತೆ ಬಳಸಿಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಸುಡುತ್ತದೆ. ನವೆಂಬರಿಗೆ ಜಾರಿದ ನಿಮ್ಮ ಕತ್ತರಿಕೆ ಹಣ್ಣಿನ ಕೊನೆಯ ತಿಂಗಳನ್ನು ತಂಪಾದ ರಾತ್ರಿಗಳಿಂದ ತೆಗೆದು ಮಾರ್ಚಿನ ಬಾಣಲೆಗೆ ಹಾಕಿತು. ಉಳಿದ ಟಾರ್ಟಾರಿಕ್ ಆಮ್ಲವನ್ನು ಕೆಡಿಸಿದ್ದು ಪೊಟ್ಯಾಷ್. ಅದು ಸಿಪ್ಪೆಯಲ್ಲಿ ಸೇರಿಕೊಂಡು ಆಮ್ಲದ ಜೊತೆ ಲವಣವಾಗುತ್ತದೆ, ಪಿಎಚ್ ಏರುತ್ತದೆ. ಅದರ ಮೇಲೆ ಡಾಗ್‌ರಿಡ್ಜ್ ಬೇರು. ಉಪ್ಪುನೀರು ಮತ್ತು ಬರ ತಡೆಯಲೆಂದು ನಾವೆಲ್ಲ ಅದನ್ನು ನೆಟ್ಟೆವು, ಅದು ತಪ್ಪಲ್ಲ, ಆದರೆ ಮಣ್ಣಿನ ಪೊಟ್ಯಾಷನ್ನು ಅದು ಸುಮ್ಮನೆ ಬಿಡುವ ಬೇರಲ್ಲ. ತಾನೇ ಹೊಟ್ಟೆಬಾಕನಾದ ಬೇರಿಗೆ ನಾಲ್ಕು ಸಲ ಹೆಚ್ಚಿಗೆ ಬಡಿಸಿದ್ದೀರಿ.

ಇನ್ನು 25 ಎಂಬ ಆ ಅಂಕಿ. ಅದರಲ್ಲಿ ಒಂದು ಪಾಲು ಸುಳ್ಳು. ಮೂರು ವಾರ ನೀರಿಲ್ಲದೆ ಹಣ್ಣು ಬತ್ತಿದರೆ ಇದ್ದ ಸಕ್ಕರೆಯೇ ಗಟ್ಟಿಯಾಗಿ ಮೀಟರಿನಲ್ಲಿ ಹೆಚ್ಚು ಕಾಣುತ್ತದೆ, ಹಣ್ಣು ಮಾಗಿರುವುದಿಲ್ಲ. ವಾರಕ್ಕೊಮ್ಮೆ ನೂರು ಹಣ್ಣು ತೂಗಿ ಬರೆದಿಡಿ. ತೂಕ ಇಳಿಯುತ್ತ ಬ್ರಿಕ್ಸ್ ಏರಿದರೆ ಅದು ಮಾಗುವುದಲ್ಲ, ಒಣಗುವುದು. ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ. ಹಸಿ ಬೀಜ ಅಂಟಂಟಾಗಿ, ಒಗರಾಗಿ ನಾಲಿಗೆ ಹಿಡಿಯುತ್ತದೆ. ಮಾಗಿದ ಬೀಜ ಕಂದು ಬಣ್ಣಕ್ಕೆ ತಿರುಗಿ ಹುರಿಗಡಲೆಯಂತೆ ಪುಟಕ್ಕನೆ ಒಡೆಯುತ್ತದೆ. ಸಕ್ಕರೆಗೆ ಬಿಸಿಲು ಸಾಕು, ಬೀಜಕ್ಕೂ ಸಿಪ್ಪೆಗೂ ದಿನಗಳು ಬೇಕು. ಬಿಸಿಲಿನಲ್ಲಿ ಸಕ್ಕರೆ ಓಡುತ್ತದೆ, ಬೀಜ ಹಿಂದೆ ಉಳಿಯುತ್ತದೆ.

ಖರೀದಿದಾರರು ಬೇಡವೆಂದದ್ದು ಸೊಕ್ಕಿನಿಂದಲ್ಲ. ವೈನ್ ಕೆಡದಂತೆ ಹಾಕುವ ಗಂಧಕ ಪಿಎಚ್ 3.4ರಲ್ಲಿ ಎಷ್ಟು ಸಾಕೋ ಪಿಎಚ್ 4ರಲ್ಲಿ ಅದರ ನಾಲ್ಕು ಪಟ್ಟು ಬೇಕು. ಬಣ್ಣ ಮಂಕಾಗುತ್ತದೆ, ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ಟಾರ್ಟಾರಿಕ್ ಆಮ್ಲ ಬೆರೆಸಿ ಸರಿಪಡಿಸುವ ಪದ್ಧತಿ ಬಿಸಿ ಸೀಮೆಗಳಲ್ಲೆಲ್ಲ ಇದೆ. ಲೀಟರಿಗೆ ಒಂದು ಗ್ರಾಂ ಹಾಕಿದರೆ ಪಿಎಚ್ ಹೆಚ್ಚುಕಡಿಮೆ 0.1ರಷ್ಟು ಇಳಿಯುತ್ತದೆ, ಪೊಟ್ಯಾಷ್ ಹೆಚ್ಚಿದ್ದರೆ ಅಷ್ಟೂ ಇಳಿಯುವುದಿಲ್ಲ. 4.1ರಿಂದ 3.6ಕ್ಕೆ ತರಲು ಎಷ್ಟು ಸುರಿಯಬೇಕೆಂದು ನೀವೇ ಲೆಕ್ಕ ಹಾಕಿ. ಅಂಥ ವೈನ್ ಗಂಟಲಲ್ಲಿ ಗೀರುತ್ತದೆ.

ಈ ವರ್ಷ ತಡಮಾಡದೆ ಈ ವಾರವೇ ಕತ್ತರಿಸಿ. ಮಳೆ ಹಿಡಿದರೆ ಡೌನಿ ಎಂಬ ಬೂಜು ರೋಗ ಬರುತ್ತದೆ, ನಿಜ. ಡೌನಿಗೆ ಸಿಂಪಡಣೆ ಇದೆ, ಮಾರ್ಚಿನ ಬಿಸಿಲಿಗೆ ಇಲ್ಲ. ಎಲೆತೊಟ್ಟಿನ ಪರೀಕ್ಷೆ ಮಾಡಿಸದೆ ಪೊಟ್ಯಾಷ್ ಮುಟ್ಟಬೇಡಿ. ಬೆಳಗಿನ ಬಿಸಿಲು ಬೀಳುವ ಕಡೆ ಮಾತ್ರ ಎಲೆ ಬಿಡಿಸಿ, ಪಡುವಣ ಕಡೆಯ ಎಲೆ ಗೊನೆಗೆ ಕೊಡೆಯಾಗಿ ಇರಲಿ. ನೀರು ಕಡಿಮೆ ಮಾಡಿ, ನಿಲ್ಲಿಸಬೇಡಿ. ಕೊಯ್ಲು ನಸುಕಿನಲ್ಲಿ ಮುಗಿಯಬೇಕು.

ಗುಡಿಬಂಡೆಯ ಬೆಳೆಗಾರರು: ಧನ್ಯವಾದಗಳು ಸರ್. ನೀರು ನಿಲ್ಲಿಸಲು ಹೇಳಿದ್ದು ಒಂದು ಫಾರ್ವರ್ಡ್ ಸಂದೇಶ.

ಸಲಹೆಗಾರರು: ಊಹಿಸಿದ್ದೆ.

ಶ್ರೀನಿವಾಸಪುರದ ಸದಸ್ಯರು: ಇದು ನನಗೆ ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಬಹುದು: “ವೈನಿನಲ್ಲಿ ಹುಳಿ ಕಡಿಮೆಯಾದರೆ ಹುಣಸೆಹಣ್ಣಿನ ರಸ ಬೆರೆಸಿ, ಅದರಲ್ಲಿಯೂ ಟಾರ್ಟಾರಿಕ್ ಆಮ್ಲವೇ ಇದೆ. ಹುಳಿ ಹೆಚ್ಚಾದರೆ ಎಲೆಗೆ ಹಚ್ಚುವ ಸುಣ್ಣ ಹಾಕಿ. ನಿಂಬೆರಸ ಹಿಂಡಿದರೆ ವೈನ್ ಎಂದೂ ಕೆಡದು.”

ಸಲಹೆಗಾರರು: ನಿರ್ವಾಹಕರು ಆರಂಭದಲ್ಲಿಯೇ ಬೇಡವೆಂದಿದ್ದರು. ಹುಣಸೆಯಲ್ಲಿ ಟಾರ್ಟಾರಿಕ್ ಇರುವುದು ನಿಜ, ಆದರೆ ಅದರಲ್ಲಿ ಒಂದು ಪಾಲು ಈಗಾಗಲೇ ಪೊಟ್ಯಾಷ್ ಜೊತೆ ಸೇರಿರುತ್ತದೆ. ಗುಡಿಬಂಡೆಯವರ ರೋಗವೇ ಪೊಟ್ಯಾಷ್, ಅದಕ್ಕೆ ಇನ್ನಷ್ಟು ಪೊಟ್ಯಾಷ್ ಮದ್ದೇ? ಜೊತೆಗೆ ಪೆಕ್ಟಿನ್ ಸೇರಿ ವೈನ್ ಕದಡುತ್ತದೆ, ಬಣ್ಣ ಹೋಗುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ತಿಂದು ವಿನೆಗರ್‌ನ ಆಮ್ಲ ಮಾಡುತ್ತವೆ, ಆದ್ದರಿಂದ “ಎಂದೂ ಕೆಡದು” ಎಂಬುದು ತಲೆಕೆಳಗಾದ ಮಾತು. ಸುಣ್ಣದ ವಿಚಾರ ಮಾತಾಡುವುದೇ ಬೇಡ. ಹುಣಸೆ ಸಾರಿಗಿರಲಿ.

ಶ್ರೀನಿವಾಸಪುರದ ಸದಸ್ಯರು: ನಾನು ಕೇವಲ ಹಂಚಿಕೊಂಡೆ ಸರ್, ಬರೆದವನು ನಾನಲ್ಲ.

ಸಲಹೆಗಾರರು: ಹಂಚುವ ಕೈಯಿಂದಲೇ ತೋಟ ಹಾಳಾಗುವುದು.

ಚಿಕ್ಕಬಳ್ಳಾಪುರದ ಸದಸ್ಯರು: ಬೆಂಗಳೂರು ಬ್ಲೂ ಬಗ್ಗೆ ಸಲಹೆಗಾರರು ಹಗುರವಾಗಿ ಬರೆದದ್ದು ಸರಿಯಲ್ಲ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಸೀಮೆಯ ಹಣ್ಣು ಅದು. ಪರದೇಶದ ಶಿರಾಜ್ ಸಾಕಿ ನಷ್ಟಪಡುವುದಕ್ಕಿಂತ ವರ್ಷಕ್ಕೆ ಎರಡು ಬೆಳೆ ಕೊಡುವ, ಕೆಲವು ರೋಗ ತಡೆಯುವ ಬ್ಲೂ ಸಾವಿರ ಪಾಲು ವಾಸಿ.

ದೊಡ್ಡಬಳ್ಳಾಪುರದ ಸದಸ್ಯರು: ಅದೂ ಪರದೇಶದಿಂದ ಬಂದದ್ದೇ ಸ್ವಾಮಿ. ಅದರ ಸೋದರಿ ಇಸಬೆಲ್ಲಾದಿಂದ ವೈನ್ ಮಾಡಿ ಮಾರುವುದನ್ನು ಫ್ರಾನ್ಸ್ 1934ರಲ್ಲಿಯೇ ನಿಷೇಧಿಸಿತು. ನಂದಿ ಕಣಿವೆಗೆ ವೈನಿನ ಹೆಸರು ಬಂದದ್ದು 1988ರಲ್ಲಿ ಗ್ರೋವರ್ ವೈನರಿಯವರು ನಮ್ಮ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟ ಮೇಲೆ. ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆ ಕೊಡಲು ಬಂದದ್ದೂ ಅಲ್ಲಿಗೇ.

ಕೋಲಾರದ ಸದಸ್ಯರು: ನಂದಿ ಬೆಟ್ಟ 2007ರವರೆಗೂ ಕೋಲಾರ ಜಿಲ್ಲೆಯಲ್ಲಿತ್ತು ಎಂಬುದನ್ನು ಇಬ್ಬರೂ ಮರೆತಂತಿದೆ.

ಚಿಕ್ಕಬಳ್ಳಾಪುರದ ಸದಸ್ಯರು: ಅದೇ 2007ರಲ್ಲಿ ರಾಜ್ಯದ ದ್ರಾಕ್ಷಾರಸ ನೀತಿಯೂ ಬಂತು. ಜಿಲ್ಲೆಯೂ ಹೊಸದು, ನೀತಿಯೂ ಹೊಸದು, ಕೋಲಾರದವರು ಇನ್ನೂ ಹಳೆಯ ನಕ್ಷೆ ಹಿಡಿದು ಕುಳಿತಿದ್ದೀರಿ.

ಕೋಲಾರದ ಸದಸ್ಯರು: ನಕ್ಷೆ ಹಳೆಯದಾದರೂ ನೀರು ನಮ್ಮದು ಶುದ್ಧ. ನಿಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಚರಂಡಿ ನೀರು.

ದೊಡ್ಡಬಳ್ಳಾಪುರದ ಸದಸ್ಯರು: ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು ಯಾವ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ ಎಂದು ಒಮ್ಮೆ ಲಕ್ಷ್ಮೀಸಾಗರದ ಕೆರೆ ಏರಿಯ ಮೇಲೆ ನಿಂತು ನೋಡಿ ಬನ್ನಿ.

ಸಲಹೆಗಾರರು: ಬಳ್ಳಿಗೆ ತಾಲ್ಲೂಕು ಗೊತ್ತಿಲ್ಲ. ಎರಡು ಮಾತು ಹೇಳಿ ಮುಗಿಸುತ್ತೇನೆ. ಬೆಂಗಳೂರು ಬ್ಲೂ ಕೀಳೆಂದು ನಾನು ಬರೆದಿಲ್ಲ, ಬೇರೆ ಕೆಲಸದ ಹಣ್ಣು ಎಂದೆ. ಸಂಸ್ಕರಿಸಿದ ನೀರಾಗಲಿ, ಸಾವಿರ ಅಡಿಯ ಬೋರ್‌ವೆಲ್ ನೀರಾಗಲಿ, ಉಪ್ಪಿನಂಶ, ಸೋಡಿಯಂ, ಕ್ಲೋರೈಡ್ ಪರೀಕ್ಷೆ ಮಾಡಿಸದೆ ಜಗಳವಾಡಿದರೆ ಎಲೆಯ ಅಂಚು ಸುಡುವುದು ನಿಲ್ಲುವುದಿಲ್ಲ.

ಗೌರಿಬಿದನೂರಿನ ಸದಸ್ಯರು: ಸರ್, ಪ್ರತಿದಿನ ಒಂದು ಲೋಟ ರೆಡ್ ವೈನ್ ಹೃದಯಕ್ಕೆ ಒಳ್ಳೆಯದಂತೆ, ನಿಜವೇ?

ಸಲಹೆಗಾರರು: ಹೃದಯದ ವೈದ್ಯರನ್ನು ಕೇಳಿ. ಔಷಧಿಯೆಂದು ಯಾರೂ ಕುಡಿಯಬೇಕಾಗಿಲ್ಲ.

ಮುಳಬಾಗಿಲಿನ ಸದಸ್ಯರು: ಮನೆಯಲ್ಲಿಯೇ ವೈನ್ ಮಾಡಿ ಹಬ್ಬದ ಸಮಯದಲ್ಲಿ ಪರಿಚಯದವರಿಗೆ ಮಾರಬಹುದೇ? ಬ್ಲೂ ದ್ರಾಕ್ಷಿ ಇದೆ.

ಸಲಹೆಗಾರರು: ಅಬಕಾರಿ ಪರವಾನಗಿ ಇಲ್ಲದೆ ಮಾರುವುದು ಅಪರಾಧ. ಬ್ಲೂ ಬಗ್ಗೆ ಮೂರನೆಯ ಸಲ ಬರೆಯುವುದಿಲ್ಲ.

ತುಮಕೂರಿನ ಸದಸ್ಯರು: ವೈನ್ ದ್ರಾಕ್ಷಿ ಹೊಸದಾಗಿ ನೆಡಲು ಸಹಾಯಧನ ಈಗಲೂ ಸಿಗುತ್ತದೆಯೇ?

ಶಿಡ್ಲಘಟ್ಟದ ಬೆಳೆಗಾರರು: ಸರ್, ನಿನ್ನೆ ನಮ್ಮ ಕ್ಯಾಬರ್ನೆ ಕತ್ತರಿಸಿ ಇಂದು ಬೆಳಿಗ್ಗೆ ಮೂವರು ಆಳುಗಳಿಂದ ಬಳ್ಳಿಯ ಕಣ್ಣುಗಳಿಗೆ, ಅಂದರೆ ಮೊಗ್ಗುಗಳಿಗೆ, ಬೇಗ ಚಿಗುರಲೆಂದು ಡಾರ್ಮೆಕ್ಸ್ ಔಷಧಿ ಹಚ್ಚಿಸಿದೆ. ಕೈಗವಸು ಒಬ್ಬರಿಗೆ ಮಾತ್ರ ಇತ್ತು, ಉಳಿದಿಬ್ಬರು ಬಟ್ಟೆ ಅದ್ದಿ ಬರಿಗೈಯಲ್ಲಿ ಒರೆಸಿದರು. ಕೈ ಉರಿಯುತ್ತಿದೆ ಎಂದರು. ಸಂಜೆ ಎರಡು ಪೆಗ್ ಹಾಕಿದರೆ ವಿಷ ಇಳಿಯುತ್ತದೆ, ಮಜ್ಜಿಗೆಗೆ ಅರಿಶಿನ ಹಾಕಿ ಕುಡಿದರೂ ಆಗುತ್ತದೆ ಎಂದು ಬೇರೊಂದು ಗುಂಪಿನಲ್ಲಿ ಓದಿದ್ದೆ. ಕಣ್ಣು ಒಡೆಯಲು ಎಷ್ಟು ದಿನ ಬೇಕು?

ಸಲಹೆಗಾರರು: ಕಣ್ಣು ಒಡೆಯುವ ಮಾತು ಆಮೇಲೆ. ಆ ಮೂವರಿಗೆ ಈಗಲೇ ಫೋನ್ ಮಾಡಿ, ಇಂದು ಒಂದು ಹನಿ ಮದ್ಯವನ್ನೂ ಮುಟ್ಟಬಾರದೆಂದು ಹೇಳಿ. ಡಾರ್ಮೆಕ್ಸ್ ಎಂದರೆ ಹೈಡ್ರೋಜನ್ ಸಯನಮೈಡ್. ಅದು ಚರ್ಮದ ಮೂಲಕ ಒಳಗೆ ಹೋಗುತ್ತದೆ. ಮದ್ಯ ದೇಹದಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ನಂಜು ಹುಟ್ಟುತ್ತದೆ. ಅದನ್ನು ಮುರಿಯುವ ಕಿಣ್ವವನ್ನೇ ಸಯನಮೈಡ್ ಕಟ್ಟಿಹಾಕುತ್ತದೆ. ಆಮೇಲೆ ಒಂದು ಪೆಗ್ ಕುಡಿದರೂ ಮುಖ ಕೆಂಡದಂತೆ ಕೆಂಪಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಪೆಗ್ ಹಾಕಿದರೆ ವಿಷ ಇಳಿಯುತ್ತದೆ ಎಂದು ಬರೆದವನು ಮನುಷ್ಯರನ್ನು ಕೊಲ್ಲುವ ಸಲಹೆ ಕೊಟ್ಟಿದ್ದಾನೆ, ಅದನ್ನು ನೀವು ಇಲ್ಲಿಗೂ ತಂದಿದ್ದೀರಿ. ಮಜ್ಜಿಗೆಯೂ ಅರಿಶಿನವೂ ಇದಕ್ಕೆ ಮದ್ದಲ್ಲ. ಕೈಗಳನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಲಿ, ಬಟ್ಟೆ ಬದಲಾಯಿಸಲಿ. ಕೈ ಉರಿ ಇರುವವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಡಬ್ಬಿಯ ಲೇಬಲ್ ಜೊತೆಗಿರಲಿ.

ಚಿಕ್ಕಬಳ್ಳಾಪುರದ ಸದಸ್ಯರು: ನಮ್ಮ ತೋಟದ ಬೆಂಗಳೂರು ಬ್ಲೂಗೆ ನಾವು ಇಂಥ ರಾಸಾಯನಿಕ ಹಚ್ಚಿಲ್ಲ.

ದೊಡ್ಡಬಳ್ಳಾಪುರದ ಸದಸ್ಯರು: ಜನರ ಪ್ರಾಣದ ಮಾತು ನಡೆಯುವಾಗಲೂ ನಿಮಗೆ ಬ್ಲೂ ಚಿಂತೆ.

ಸಲಹೆಗಾರರು: ಇಬ್ಬರೂ ಸ್ವಲ್ಪ ಹೊತ್ತು ಬರೆಯುವುದನ್ನು ನಿಲ್ಲಿಸಿ. ಶಿಡ್ಲಘಟ್ಟದವರೇ, ಏನಾಯಿತು?

ಶಿಡ್ಲಘಟ್ಟದ ಬೆಳೆಗಾರರು: ಇಬ್ಬರು ಮನೆಯಲ್ಲಿದ್ದಾರೆ, ಹೇಳಿದ್ದೇನೆ. ಮೂರನೆಯವರು ಫೋನ್ ತೆಗೆಯುತ್ತಿಲ್ಲ. ಬೈಕಿನಲ್ಲಿ ಹೊರಟಿದ್ದೇನೆ.

ಮಾಲೂರಿನ ಸದಸ್ಯರು: ಸರ್, ಮೇಲೆ ಹುಡುಕಿದೆ, ಬ್ಲೂ ಬಗ್ಗೆ ಉತ್ತರ ಸಿಗಲಿಲ್ಲ.

ನಿರ್ವಾಹಕರು: ಹೊಸ ಪ್ರಶ್ನೆಗಳನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ.

ಶಿಡ್ಲಘಟ್ಟದ ಬೆಳೆಗಾರರು: ಸಿಕ್ಕರು ಸರ್. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು, ಬಾಟಲಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅಂಗೈ ಚರ್ಮ ಬೆಳ್ಳಗಾಗಿ ಸುಲಿದಿದೆ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಸಲಹೆಗಾರರು: ಹೋಗಿ. ಮದ್ಯ ನಾಳೆ ಸಂಜೆಯೂ ಬೇಡ, ನಾಡಿದ್ದೂ ಬೇಡ, ವೈದ್ಯರು ಸರಿ ಎನ್ನುವವರೆಗೆ ಬೇಡ, ಮೂವರಿಗೂ ಹೇಳಿ. ಉಳಿದಿರುವ ಡಬ್ಬಿಗೆ ಬೀಗ ಹಾಕಿ, ಕೈಗವಸು ಮೂರು ಜೊತೆ ತರುವವರೆಗೆ ತೆಗೆಯಬೇಡಿ.