ಹಳೆಯ ‘ದಿ ಹನಿಮೂನರ್ಸ್’ ಈಗಲೂ ಯಾಕೆ ಇಷ್ಟ ಆಗುತ್ತದೆ?

ತುಮಕೂರು ಹುಡುಗ: ಅಮೆರಿಕದ ಈ ಧಾರಾವಾಹಿ, 1955–56ರ 39 ಕಂತು, ನೋಡಿ ಮುಗಿಸಿದೆ. ಬ್ರೂಕ್ಲಿನ್‌ನ ಬಸ್ ಡ್ರೈವರ್ ರಾಲ್ಫ್, ಹೆಂಡತಿ ಆಲಿಸ್. ಹೆಚ್ಚಿನದೆಲ್ಲ ಒಂದೇ ಬೋಳು ಕೋಣೆಯಲ್ಲಿ. ಆದರೂ ಬೇಜಾರಾಗಲಿಲ್ಲ, ಯಾಕೆ?

ಕೋಲಾರದಕ್ಕ: ಆಲಿಸ್‌ಗೋಸ್ಕರ! ರಾಲ್ಫ್ ಎಷ್ಟು ಕೂಗಾಡಿದರೂ ಅವಳು ಹೆದರುವುದಿಲ್ಲ, ಸುಮ್ನೆ ನಿಂತು ಒಂದೇ ಮಾತಲ್ಲಿ ಬಾಯಿ ಮುಚ್ಚಿಸುತ್ತಾಳೆ. ನಮ್ಮಪ್ಪನೂ ಡ್ರೈವರ್, ಕೋಲಾರ–ಮುಳಬಾಗಿಲು ರೂಟು. ಸಂಬಳದ ದಿನ ಅಮ್ಮ ಲೆಕ್ಕ ಕೇಳುತ್ತಿದ್ದದ್ದು ಹೀಗೇ. ಆದರೆ ಆಲಿಸ್‌ಗೆ ಹೊಡೆದು ಚಂದ್ರಲೋಕಕ್ಕೆ ಕಳಿಸ್ತೀನಿ ಅನ್ನುವ ರಾಲ್ಫ್‌ನ ಬೆದರಿಕೆ ನನಗೆ ಹಿಡಿಸುವುದಿಲ್ಲ, ಅವನು ಕೈ ಎತ್ತಿ ಹೊಡೆಯದಿದ್ದರೂ.

ಶಿಡ್ಲಘಟ್ಟದವ: ಬೇಗ ದುಡ್ಡು ಮಾಡುವ ಅವನ ಪ್ಲಾನ್‌ಗಳು ನೆಲಕಚ್ಚುತ್ತವೆ. ರೇಷ್ಮೆಗೂಡಿನ ರೇಟ್ ನಂಬಿ ಸಾಲ ಮಾಡಿದ ನನಗೆ ಆ ಮುಖ ಚೆನ್ನಾಗಿ ಗೊತ್ತು. ಮೇಲಿನ ಮನೆಯ ನಾರ್ಟನ್, ಚರಂಡಿ ಕೆಲಸದವನು, ಆಗಲೂ ಜೊತೆಗಿರುತ್ತಾನೆ ಅಲ್ವಾ, ಅದು ತುಂಬಾ ಇಷ್ಟ.