ಪೀಟರ್ ಗನ್: ಎಲ್‌ಪಿ ತಗೊಳ್ಳಲಾ, ಡಿವಿಡಿ ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಹೊಸ ಕೇಳುಗ:
ಹೋದ ತಿಂಗಳು 'ಪೀಟರ್ ಗನ್' ಅನ್ನುವ ಹಳೆಯ ಅಮೆರಿಕನ್ ಪತ್ತೇದಾರಿ ಟಿವಿ ಧಾರಾವಾಹಿಯ ಒಂದು ಕಂತು ನೋಡಿದೆ. ಕಥೆ ಮರೆತುಹೋಯಿತು. ಹೆನ್ರಿ ಮ್ಯಾನ್ಸಿನಿಯ ಸಂಗೀತ ಮಾತ್ರ ತಲೆಯಿಂದ ಇಳಿಯುತ್ತಿಲ್ಲ. ಜಾಝ್ ನನಗೆ ಹೊಸದು. 6,000 ರೂಪಾಯಿ ಇದೆ. ಅದರ ಸಂಗೀತದ ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ತರಿಸಲಾ, ಪೂರ್ತಿ ಡಿವಿಡಿ ಸೆಟ್ ತರಿಸಲಾ? ಬೆಂಗಳೂರಿನಲ್ಲಿ ಸಣ್ಣ ರೂಮು, ಗೋಡೆಯಾಚೆ ಓನರ್ ಮನೆ.

ಮೂವತ್ತಮೂರು ಸುತ್ತು:
ಎಲ್‌ಪಿನೇ. ಆದರೆ ನನಗಾದದ್ದು ಕೇಳಿ. ಭಾವ ಅಮೆರಿಕದಿಂದ ಟರ್ನ್‌ಟೇಬಲ್, ಅಂದರೆ ಎಲ್‌ಪಿ ನುಡಿಸುವ ಯಂತ್ರ, ತಂದುಕೊಟ್ಟರು. 110 ವೋಲ್ಟ್‌ನದು. 1,850 ಕೊಟ್ಟು ಟ್ರಾನ್ಸ್‌ಫಾರ್ಮರ್ ತಂದೆ. ಸಂಗೀತ ಎಳೆದೆಳೆದು ಬಂತು. ಬೆಲ್ಟ್ ಬದಲಿಸಿದೆ, 900. ರಿಪೇರಿಯವರು ಮೋಟಾರ್ ಕೆಟ್ಟಿದೆ ಅಂತ 2,200 ತಗೊಂಡರು. ಆಮೇಲೂ ಅದೇ ಗೋಳು. ಎಂಟು ತಿಂಗಳಾದ ಮೇಲೆ ಗೊತ್ತಾಯಿತು: ಅಲ್ಲಿ ಕರೆಂಟು 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತನ), ನಮ್ಮಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಮುಟ್ಟುವುದಿಲ್ಲ. ಆ ಎ.ಸಿ. ಮೋಟಾರಿನ ವೇಗ ಹರ್ಟ್ಸ್ ಮೇಲೇ ನಿಂತಿದೆ. ನಿಮಿಷಕ್ಕೆ 33 ಸುತ್ತಿನ ಬದಲು ಸುಮಾರು 28. ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಎಂಟು ತಿಂಗಳು ನಾನು ಕೇಳಿದ್ದು ಮ್ಯಾನ್ಸಿನಿಯ ಸಂಗೀತವೇ ಅಲ್ಲ! ಕೊನೆಗೆ ಪೀಣ್ಯದಲ್ಲಿ ಲೇತ್ ಕೆಲಸದವರ ಹತ್ತಿರ ಮೋಟಾರಿಗೆ ಸ್ವಲ್ಪ ದಪ್ಪ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಕಡೆಸಿ ಹಾಕಿದೆ. ಅವತ್ತು ರಾತ್ರಿ ಆ ಎಲ್‌ಪಿಯ 'ಡ್ರೀಮ್ಸ್‌ವಿಲ್' ಕೇಳಿ ಕಣ್ಣಲ್ಲಿ ನೀರು ಬಂತು.

ರಾತ್ರಿ ಪಾಳಿ:
ಎಲ್‌ಪಿ ಗಿಲ್‌ಪಿ ಬೇಡ. ನೋಡಲೇಬೇಕು ಅದನ್ನು. ಕಥೆಯಲ್ಲಿ ಬರುವ 'ಮದರ್ಸ್' ಕ್ಲಬ್ಬಿನಲ್ಲಿ ನಟಿ ಲೋಲಾ ಆಲ್ಬ್ರೈಟ್ ತಾವೇ ಹಾಡುತ್ತಾರೆ. ಪತ್ತೇದಾರ ಅಲ್ಲೇ ಕೂತು ಕೇಳುತ್ತಾನೆ. ಅದನ್ನು ಬಿಟ್ಟು ಬರೀ ಕಿವಿಯಲ್ಲಿ ಏನು ಸಿಗುತ್ತದೆ? ನಾನು 114 ಕಂತಿನ ಪೂರ್ತಿ ಸೆಟ್ ತರಿಸಿದೆ. ಸೆಟ್ 4,700, ಸಾಗಣೆ 2,100, ಕಸ್ಟಮ್ಸ್ 1,640. ಡಿವಿಡಿಗೆ ದೇಶ ನೋಡಿ 'ರೀಜನ್' ಅಂತ ಬೀಗ ಇರುತ್ತದೆ. ಹಾಕಿದರೆ ಇದು ಅಮೆರಿಕದ ರೀಜನ್ 1, ನನ್ನ ಪ್ಲೇಯರ್ ಇಲ್ಲಿಯ ರೀಜನ್ 5. ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ. ಹಿಂದೆ ಮುಂದೆ ಮಾಡಿ ಐದೂ ಮುಗಿಸಿದೆ. ಈಗ ಅದು 1ಕ್ಕೇ ಕಚ್ಚಿಕೊಂಡಿದೆ. ಇಲ್ಲಿ ಕೊಂಡ ರೀಜನ್ 5ರ ಡಿಸ್ಕ್ ಒಂದೂ ಓಡುವುದಿಲ್ಲ. ಆದರೂ ಬೇಜಾರಿಲ್ಲ.

ಮೂವತ್ತಮೂರು ಸುತ್ತು:
'ಬರೀ ಕಿವಿ' ಅಂದರೆ ಏನು ಸ್ವಾಮಿ? ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಮೊಟ್ಟಮೊದಲು ಕೊಟ್ಟಾಗ ವರ್ಷದ ಆಲ್ಬಮ್ ಆದದ್ದು ಇದೇ ಎಲ್‌ಪಿ. ಆ ಬಹುಮಾನ ಕಿವಿಗೇ ಕೊಟ್ಟದ್ದು.

ಡ್ರಮ್ಸ್ ಅಭಿಮಾನಿ:
ಇಬ್ಬರೂ ಒಂದು ವಿಷಯ ಬಿಟ್ಟಿರಿ. ಆ ಎಲ್‌ಪಿಯಲ್ಲಿರುವುದು ಟಿವಿಯಲ್ಲಿ ಬಂದ ಟೇಪ್ ಅಲ್ಲ. ಆರ್‌ಸಿಎ ವಿಕ್ಟರ್ ರೆಕಾರ್ಡ್ ಕಂಪನಿಗಾಗಿ ಮತ್ತೆ ನುಡಿಸಿದ್ದು. ಪಿಯಾನೋದಲ್ಲಿ ಜಾನ್ ವಿಲಿಯಮ್ಸ್, ಮುಂದೆ 'ಸ್ಟಾರ್ ವಾರ್ಸ್'ಗೆ ಸಂಗೀತ ಕೊಟ್ಟವರೇ. ನಾನು ಮೋಸ ಹೋದದ್ದು ಕವರ್ ಮೇಲಿನ ನಂಬರಿನಿಂದ. ಎಲ್‌ಪಿಎಂ-1956 ಅಂತ ಇತ್ತು. ಮಾರುವವರು '1956ರ ಮೊದಲ ಮುದ್ರಣ' ಅಂದರು, 5,400 ಕೊಟ್ಟೆ. ಧಾರಾವಾಹಿ ಶುರುವಾದದ್ದೇ 1958ರಲ್ಲಿ! 1956 ಸುಮ್ನೆ ಕ್ಯಾಟಲಾಗ್ ನಂಬರು. ಮೇಲಾಗಿ ಎಲ್‌ಪಿಎಂ ಅಂದರೆ ಮೋನೋ, ಎಡ-ಬಲ ಬೇರೆ ಇಲ್ಲದ ಒಂದೇ ಧ್ವನಿ. ನನಗೆ ಬೇಕಿದ್ದ ಸ್ಟೀರಿಯೋ ಎಲ್‌ಎಸ್‌ಪಿ-1956. ಇನ್ನೊಂದು, ಶೀರ್ಷಿಕೆ ಸಂಗೀತ ಜಾಝ್ ಅಲ್ಲ. ಅದಕ್ಕೆ ರಾಕ್ ಅಂಡ್ ರೋಲ್ ಋಣವೇ ಜಾಸ್ತಿ ಅಂತ ಮ್ಯಾನ್ಸಿನಿಯೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಿಜವಾದ ಜಾಝ್ ಬೇಕಾದರೆ ಡ್ರಮ್ಸ್ ವಾದಕ ಶೆಲ್ಲಿ ಮ್ಯಾನ್ ಅವರ ತಂಡ 1959ರಲ್ಲಿ ಇದೇ ರಚನೆಗಳನ್ನು ನುಡಿಸಿದ ಎಲ್‌ಪಿ ಕೇಳಿ.

ರಾತ್ರಿ ಪಾಳಿ:
ಒಂದು ಶೀರ್ಷಿಕೆ ಸಂಗೀತ ಹಿಡಿದು ಎಲ್ಲಕ್ಕೂ ತೀರ್ಪು ಕೊಡಬೇಡಿ. ಗಿಟಾರಿನ ಆ ಒಂದೇ ಸಾಲು ಕೊನೆವರೆಗೂ ಬಿಡದೆ ಸುತ್ತುತ್ತದೆ, ಮೇಲೆ ಹಿತ್ತಾಳೆ ವಾದ್ಯಗಳು ಕೂಗುತ್ತವೆ. ಅದನ್ನು ಕೇಳಿಯೇ ನಾನು ಜಾಝ್‌ಗೆ ಬಂದೆ. ನಿಮ್ಮಂಥವರ ಮಾತು ಕೇಳಿದ್ದರೆ ಬರುತ್ತಲೇ ಇರಲಿಲ್ಲ.

ಡ್ರಮ್ಸ್ ಅಭಿಮಾನಿ:
ಮ್ಯಾನ್ಸಿನಿಯ ಮಾತು ಹೇಳಿದೆ, ನನ್ನದಲ್ಲ. 114 ಕಂತೂ ನೋಡಿದ್ದೀರಲ್ಲ, ಎರಡನೇ ವರ್ಷ ಕ್ಲಬ್ಬಿನ ಒಡತಿ ಮದರ್ ಪಾತ್ರಧಾರಿ ಬದಲಾದದ್ದು ನಿಮಗೆ ಸರಿ ಅನಿಸಿತಾ? ಹೋಪ್ ಎಮರ್ಸನ್ ಹೋದ ಮೇಲೆ ಆ ಕ್ಲಬ್ಬಿಗೆ ಕಳೆಯೇ ಇಲ್ಲ.

ರಾತ್ರಿ ಪಾಳಿ:
ಆಮೇಲೆ ಬಂದ ಮಿನರ್ವಾ ಯುರೆಕಲ್ ಬಗ್ಗೆ ಹಾಗೆ ಹೇಳಬೇಡಿ. ಚೆನ್ನಾಗೇ ಮಾಡಿದ್ದಾರೆ.

ಹೊಸ ಕೇಳುಗ:
ಎಲ್ಲರಿಗೂ ಥ್ಯಾಂಕ್ಸ್. ಅಜ್ಜನ ಮನೆಯಲ್ಲಿ ಒಂದು ಹಳೆಯ ಟರ್ನ್‌ಟೇಬಲ್ ಇದೆ. ಅದಕ್ಕೆ ಹೆಡ್‌ಫೋನ್ ಹಾಕಿ ಕೇಳಬಹುದಾ?

ಮೂವತ್ತಮೂರು ಸುತ್ತು:
ಹೆಡ್‌ಫೋನ್ ಆಮೇಲೆ. ಮೊದಲು ಅದರ ಹಿಂದೆ ಎಷ್ಟು ಹರ್ಟ್ಸ್ ಅಂತ ಬರೆದಿದೆ, ಓದಿ ಹೇಳಿ.